ಕರಡಿಮರಿಗೆ ಕಾಲುಚೀಲ ಹೊಲಿದವನು

ಹೋದ ತಿಂಗಳು ಈ ಪುಟದ ಕೊನೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥ ಹಳೇ ಇಂಗ್ಲಿಷ್ ಸಿನಿಮಾ ಯಾವುದಾದರೂ ಹೇಳಿ ಎಂದು ಒಬ್ಬರು ಕೇಳಿದ್ದರು. 1974ರ ‘ದಿ ಲೈಫ್ ಅಂಡ್ ಟೈಮ್ಸ್ ಆಫ್ ಗ್ರಿಜ್ಲಿ ಆಡಮ್ಸ್’ ನೋಡಿ ಅಂದಿದ್ದೆ. ಮಾಡದ ಕೊಲೆಯ ಆರೋಪ ತಲೆ ಮೇಲೆ ಬಂದು ಬೆಟ್ಟಕ್ಕೆ ಓಡಿಹೋಗುವ ಟ್ರ್ಯಾಪರ್ ಒಬ್ಬ. ಅಲ್ಲಿ ಅವನಿಗೆ ಸಿಗುವ ತಬ್ಬಲಿ ಗ್ರಿಜ್ಲಿ ಕರಡಿಮರಿ. ಅದಕ್ಕೆ ಬೆನ್ ಅಂತ ಹೆಸರಿಟ್ಟು ಸಾಕುತ್ತಾನೆ. ಕಥೆ ಇಷ್ಟೇ. ನಾಲ್ಕು ಸಾಲು ಬರೆದಿದ್ದಕ್ಕೆ ಬಂದ ಪತ್ರಗಳನ್ನು ಕಟ್ಟಲು ರಬ್ಬರ್ ಬ್ಯಾಂಡ್ ಹುಡುಕಬೇಕಾಯಿತು. ಹಾಗಾಗಿ ಈ ಸಲ ಪುಟ ಪೂರ್ತಿ ಕರಡಿಗೇ ಬಿಟ್ಟಿದ್ದೇನೆ. ಅಡುಗೆ, ಮುಂಗೋಪ, ಮೊಣಕಾಲು ನೋವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಟಿವಿಯಲ್ಲಿ ರಕ್ತ ಕಂಡರೆ ದಿಂಬಿನೊಳಗೆ ಮುಖ ಹುದುಗಿಸಿಬಿಡುತ್ತಾನೆ. ಅವನಿಗೆ ಈ ಸಿನಿಮಾ ತೋರಿಸಬಹುದಾ? — ಒಬ್ಬ ಅಮ್ಮ

ಧಾರಾಳವಾಗಿ ತೋರಿಸಿ. ಅಮೆರಿಕದಲ್ಲಿ ಇದಕ್ಕೆ ‘ಜಿ’ ಸರ್ಟಿಫಿಕೇಟ್. ಅಂದರೆ ಯಾವ ವಯಸ್ಸಿನವರಾದರೂ ನೋಡಬಹುದು. ಓಟ ನಿಧಾನ, ಮಾತು ಕಡಿಮೆ, ಬೆಟ್ಟ, ಮರ, ಪ್ರಾಣಿ ಜಾಸ್ತಿ. ಈಗಿನ ಕಾರ್ಟೂನಿನ ವೇಗಕ್ಕೆ ಒಗ್ಗಿದ ಮಕ್ಕಳು ಮೊದಲ ಹತ್ತು ನಿಮಿಷ ಸ್ವಲ್ಪ ಕೊಸರಾಡುತ್ತಾರೆ. ಮರಿ ಬಂದಮೇಲೆ ನೀವು ಊಟಕ್ಕೆ ಕರೆದರೂ ಏಳುವುದಿಲ್ಲ.

ಹೆದರುವಂಥದ್ದಕ್ಕಿಂತ ಅಳು ಬರಿಸುವಂಥ ಜಾಗ ಒಂದಿದೆ. ಆಡಮ್ಸ್ ತನ್ನ ಪುಟ್ಟ ಮಗಳನ್ನು ಬಿಟ್ಟು ಓಡಬೇಕಾಗುತ್ತದೆ. ಎಂಟು ವರ್ಷದ ನನ್ನ ಮೊಮ್ಮಗಳು ಅಲ್ಲಿಗೇ ರಿಮೋಟ್ ಕಿತ್ತುಕೊಂಡು ಸಿನಿಮಾ ನಿಲ್ಲಿಸಿದಳು. “ಅಜ್ಜಿ, ಅವನು ತಪ್ಪೇ ಮಾಡಿಲ್ಲ ಅಲ್ವಾ? ಮತ್ತೆ ಯಾಕೆ ಓಡಿದ? ಪೊಲೀಸರ ಹತ್ರ ಹೋಗಿ ನಾನಲ್ಲ ಅಂತ ಹೇಳಬಹುದಿತ್ತಲ್ಲ?”

ನಾಳೆ ಹೇಳ್ತೀನಿ ಅಂತ ತಪ್ಪಿಸಿಕೊಂಡೆ. ಮಾರನೇ ದಿನ ಹೇಳಿದ್ದು ಇದು. ಆಗ ಅಮೆರಿಕದ ಪಶ್ಚಿಮದ ಕಡೆ ಪೊಲೀಸರು, ಕೋರ್ಟು ಎಲ್ಲ ಹೆಸರಿಗೆ ಮಾತ್ರ. ಸ್ಯಾನ್ ಫ್ರಾನ್ಸಿಸ್ಕೊದಂಥ ದೊಡ್ಡ ಊರಿನಲ್ಲೇ 1851ರಲ್ಲಿ ಒಂದು ಸಲ, 1856ರಲ್ಲಿ ಇನ್ನೊಂದು ಸಲ ಊರಿನವರು ತಾವೇ ಸಮಿತಿ ಕಟ್ಟಿಕೊಂಡರು. ತಾವೇ ಹಿಡಿದರು, ತಾವೇ ವಿಚಾರಣೆ ಮಾಡಿದರು, ಎರಡೂ ಸಲ ನಾಲ್ಕು ನಾಲ್ಕು ಜನರನ್ನು ನೇಣಿಗೆ ಹಾಕಿದರು. ಅಂಥ ಕಡೆ “ನಾನಲ್ಲ” ಅಂದರೆ ಕೇಳುವವರು ಯಾರು? ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. “ಹಾಗಾದ್ರೆ ಮಗಳನ್ನೂ ಕರ್ಕೊಂಡು ಹೋಗಬೇಕಿತ್ತು” ಅಂದಳು. ಇದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಪ್ರಶ್ನೆ: ಇದು ನಿಜವಾಗಿ ಬದುಕಿದ್ದ ಮನುಷ್ಯನ ಕಥೆ ಅಂತ ಸಿನಿಮಾದವರು ಹೇಳುತ್ತಾರೆ. ಎಷ್ಟು ನಿಜ, ಎಷ್ಟು ಬುರುಡೆ? — ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ಮನುಷ್ಯ ನಿಜ, ಕರಡಿ ನಿಜ, ಬೆನ್ ಅನ್ನುವ ಹೆಸರೂ ನಿಜ. ಕೊಲೆ ಆರೋಪ ಮಾತ್ರ ಕಟ್ಟಿದ್ದು.

ನಿಜವಾದ ಆಡಮ್ಸ್ 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ವೇ ಎಂಬ ಊರಿನಲ್ಲಿ ಹುಟ್ಟಿದವನು. ಕಸುಬು ಬೂಟು ಹೊಲಿಯುವುದು. ಸರಕಿಗೆ ಹಾಕಿದ್ದ ಉಳಿತಾಯದ ದುಡ್ಡು ಸೇಂಟ್ ಲೂಯಿಸ್‌ನ ಬೆಂಕಿಯಲ್ಲಿ ಹೋಯಿತು ಅನ್ನುತ್ತಾರೆ. 1849ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಚಿನ್ನ ಹುಡುಕುವವರ ಗುಂಪಿನ ಹಿಂದೆ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲೂ ಕೈ ಸುಟ್ಟುಕೊಂಡ. 1852ರ ಹೊತ್ತಿಗೆ ಎಲ್ಲ ಸಾಕಾಗಿ ಸಿಯೆರಾ ನೆವಾಡ ಬೆಟ್ಟ ಸೇರಿದ. ಅವನು ಓಡಿದ್ದು ಪೊಲೀಸರಿಗೆ ಹೆದರಿ ಅಲ್ಲ. ಸಾಲಗಾರರಿಂದ, ಸೋಲಿನಿಂದ, ಒಟ್ಟಿನಲ್ಲಿ ಮನುಷ್ಯರಿಂದ. ಸಿನಿಮಾದವರಿಗೆ ದಿವಾಳಿಯಾದ ಬೂಟು ವ್ಯಾಪಾರಿ ಹೀರೋ ಆಗಿ ಕಾಣಿಸಲಿಲ್ಲವೇನೋ. ನನಗಂತೂ ಅವನೇ ಹತ್ತಿರದವನು ಅನ್ನಿಸುತ್ತಾನೆ.

ಕರಡಿಯ ವಿಷಯಕ್ಕೆ ಬರೋಣ. ಸಿನಿಮಾದಲ್ಲಿ ಅವನು ತಬ್ಬಲಿ ಮರಿಯನ್ನು ಕಾಪಾಡುತ್ತಾನೆ. ನಿಜದಲ್ಲಿ ಮರಿಯನ್ನು ತಬ್ಬಲಿ ಮಾಡಿದ್ದೇ ಅವನು. 1854ರಲ್ಲಿ ಯೊಸೆಮಿಟಿ ಕಣಿವೆಯ ಕಡೆ ಒಂದು ಗ್ರಿಜ್ಲಿಯ ಗುಹೆ ಕಂಡುಹಿಡಿದ. ಹೊರಗೆ ಹೊಂಚು ಹಾಕಿ ಕೂತು ತಾಯಿಯನ್ನು ಕೊಂದ. ಒಳಗೆ ಇನ್ನೂ ಹಾಲು ಬಿಡದ ಎರಡು ಮರಿಗಳಿದ್ದವು. ಅವಕ್ಕೆ ಹಾಲೆಲ್ಲಿಂದ ತರುವುದು? ಅವನ ಗ್ರೇಹೌಂಡ್ ನಾಯಿ ಆಗಷ್ಟೇ ಮರಿ ಹಾಕಿತ್ತು. ಕರಡಿಮರಿಗಳನ್ನು ಅದರ ಮೊಲೆಗೆ ಹಚ್ಚಿದ. ನಾಯಿ ಮೊದಲು ಗುರುಗುಟ್ಟಿ ಆಮೇಲೆ ಒಪ್ಪಿಕೊಂಡಿತು. ಆದರೆ ಕರಡಿಮರಿಯ ಉಗುರು ನಾಯಿಮರಿಯ ಉಗುರಿನ ಹಾಗಲ್ಲವಲ್ಲ. ಹಾಲು ಕುಡಿಯುವಾಗ ನಾಯಿಯ ಹೊಟ್ಟೆ ಪರಚುತ್ತಿದ್ದವು. ಆಗ ಆಡಮ್ಸ್ ಕೂತು ಮೆತ್ತನೆ ಜಿಂಕೆ ಚರ್ಮದಲ್ಲಿ ಮರಿಗಳ ಪಂಜಕ್ಕೆ ಪುಟ್ಟ ಪುಟ್ಟ ಕಾಲುಚೀಲ ಹೊಲಿದು ಹಾಕಿದ.

ಈ ಒಂದು ವಿಷಯ ಓದಿದಾಗ ನಾನು ಪುಸ್ತಕ ಮಡಚಿ ಸುಮ್ನೆ ಕೂತುಬಿಟ್ಟೆ. ನನ್ನಪ್ಪ ಚಪ್ಪಲಿ ಹೊಲಿಯುತ್ತಿದ್ದರು. ದಬ್ಬಳ ಹಿಡಿದ ಅವರ ಹೆಬ್ಬೆರಳಿನ ಪಕ್ಕ ಒಂದು ಗಟ್ಟಿ ಗಂಟು ಇತ್ತು. ಅಳತೆ ತೆಗೆಯುವಾಗ ಕಾಲನ್ನು ಒಂದು ಸಲ ಅಂಗೈಯಲ್ಲಿ ಇಟ್ಟುಕೊಂಡು ಭಾರ ನೋಡಿದ ಹಾಗೆ ನೋಡುತ್ತಿದ್ದರು. ಆಡಮ್ಸ್ ಕೂಡ ಹಾಗೇ ಒಂದೊಂದು ಪಂಜ ಅಂಗೈಯಲ್ಲಿ ಹಿಡಿದಿರಬೇಕು, ಅಲ್ವಾ? ಅವೇ ಕೈ ನಾಲ್ಕು ದಿನದ ಹಿಂದೆ ಅವುಗಳ ತಾಯಿಗೆ ಗುಂಡು ಹೊಡೆದಿತ್ತು. ಈ ಎರಡನ್ನೂ ಸಿನಿಮಾ ತೋರಿಸಿಲ್ಲ. ತೋರಿಸಿದ್ದರೆ ‘ಜಿ’ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ ಅನ್ನಿ. ಆದರೆ ಮನುಷ್ಯ ಮಾತ್ರ ಇನ್ನಷ್ಟು ದೊಡ್ಡವನಾಗುತ್ತಿದ್ದ.

ಬೆನ್‌ನ ಪೂರ್ತಿ ಹೆಸರು ಬೆಂಜಮಿನ್ ಫ್ರಾಂಕ್ಲಿನ್. ಅದಕ್ಕೂ ಮುಂಚೆ, 1853ರಲ್ಲಿ ಹಿಡಿದ ಹೆಣ್ಣು ಗ್ರಿಜ್ಲಿ ಲೇಡಿ ವಾಷಿಂಗ್ಟನ್. ಅದರ ಬೆನ್ನ ಮೇಲೆ ಮೂಟೆ ಹೇರಿ ಹೇಸರಗತ್ತೆಯ ಹಾಗೆ ನಡೆಸುತ್ತಿದ್ದ. ಮುದ್ದು ಮಾಡಿ ಪಳಗಿಸಿದ ಅಂದುಕೊಳ್ಳಬೇಡಿ, ದೊಣ್ಣೆಯೂ ಬಳಸಿದ. 1855ರಲ್ಲಿ ಒಂದು ಕಾಡು ಗ್ರಿಜ್ಲಿ ಅವನ ಮೇಲೆ ಬಿದ್ದು ನೆತ್ತಿಯ ಚರ್ಮ ಕಿತ್ತಿತು. ಬೆನ್ ನಡುವೆ ನುಗ್ಗಿ ಕಾದಾಡಿ ಒಡೆಯನನ್ನು ಉಳಿಸಿತು. ತಾಯಿಯನ್ನು ಕೊಂದವನನ್ನು ಉಳಿಸಿತು. ಇದು ನಿಜವಾಗಿ ನಡೆದದ್ದು, ಯಾವ ಚಿತ್ರಕಥೆಗಾರನೂ ಬರೆದದ್ದಲ್ಲ.

ಪ್ರಶ್ನೆ: ನೀವು ‘ಜೇಮ್ಸ್ ಕೇಪನ್ ಆಡಮ್ಸ್’ ಎಂಬ ನಿಜವಾದ ವ್ಯಕ್ತಿ ಎಂದು ಬರೆದಿದ್ದಿರಿ. ಆತನ ಹೆಸರು ಜಾನ್. ಬರೆಯುವ ಮೊದಲು ನೋಡಿಕೊಳ್ಳಬಾರದೇ? — ಹಳೇ ಓದುಗ

ತಪ್ಪಾಯಿತು. ಹಿಡಿದಿದ್ದಕ್ಕೆ ಸಂತೋಷ. ಆದರೆ ನನ್ನನ್ನು ಬಯ್ಯುವ ಮುಂಚೆ ಆಡಮ್ಸ್‌ನನ್ನು ಸ್ವಲ್ಪ ಬಯ್ಯಿರಿ. ಅವನ ಹೆಸರು ಜಾನ್. ಜೇಮ್ಸ್ ಕೇಪನ್ ಅವನ ತಮ್ಮ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಥಿಯೊಡೋರ್ ಹಿಟ್ಟೆಲ್ ಎಂಬ ಪತ್ರಕರ್ತ ಅವನ ಕಥೆ ಕೇಳಿ ಬರೆದುಕೊಳ್ಳುವಾಗ ತಮ್ಮನ ಹೆಸರನ್ನೇ ತನ್ನದು ಅಂತ ಹೇಳಿಬಿಟ್ಟ. 1860ರಲ್ಲಿ ಪುಸ್ತಕ ಹಾಗೇ ಅಚ್ಚಾಯಿತು. ನೂರು ವರ್ಷ ದಾಟಿದ ಮೇಲೆ ಸಿನಿಮಾದವರೂ ಅದನ್ನೇ ಎತ್ತಿಕೊಂಡರು. ಯಾಕೆ ಸುಳ್ಳು ಹೇಳಿದ? ಬಿಟ್ಟುಬಂದ ಸಂಸಾರ ಇದ್ದವನಿಗೆ ಸ್ವಂತ ಹೆಸರು ಸ್ವಲ್ಪ ಭಾರವೇ. ಸಿನಿಮಾದ ಆಡಮ್ಸ್ ಸುಳ್ಳು ಆರೋಪದಿಂದ ಓಡಿದ, ನಿಜವಾದ ಆಡಮ್ಸ್ ಹೆಸರಿನಿಂದಲೇ ಓಡಿದ ಅನ್ನುವುದು ನನ್ನ ಊಹೆ. ಊಹೆ ಅಂತಲೇ ಇಟ್ಟುಕೊಳ್ಳಿ, ಮುಂದಿನ ತಿಂಗಳು ಇದಕ್ಕೂ ಪತ್ರ ಬರೆಯಬೇಡಿ.

ಪ್ರಶ್ನೆ: ಟ್ರ್ಯಾಪರ್ ಅಂದರೆ ಬೇಟೆಗಾರನೇ ತಾನೇ? ಬೇರೆ ಹೆಸರು ಯಾಕೆ? — ಕಾಲೇಜು ವಿದ್ಯಾರ್ಥಿ

ಅಲ್ಲಪ್ಪ. ಬೇಟೆಗಾರ ಗುಂಡು ಹೊಡೆಯುತ್ತಾನೆ, ಟ್ರ್ಯಾಪರ್ ಬೋನು ಇಟ್ಟು ಕಾಯುತ್ತಾನೆ. ಅವನಿಗೆ ಬೇಕಾದ್ದು ಮಾಂಸ ಅಲ್ಲ, ತೂತು ಬೀಳದ ಚರ್ಮ.

ಆ ಕಾಲದ ಟ್ರ್ಯಾಪರ್‌ಗಳು ಮುಖ್ಯವಾಗಿ ಹಿಡಿದದ್ದು ಬೀವರ್ ಅನ್ನು. ಹೊಳೆಗೆ ಅಡ್ಡ ಕಟ್ಟೆ ಕಟ್ಟುವ, ಚಪ್ಪಟೆ ಬಾಲದ ಪ್ರಾಣಿ. ಅದರ ಮೈಮೇಲೆ ಉದ್ದ ಕೂದಲಿನ ಅಡಿಯಲ್ಲಿ ಇನ್ನೊಂದು ಪದರ ತುಪ್ಪಳ ಇರುತ್ತದೆ. ಆ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು. ಬಿಸಿ, ತೇವ, ಒತ್ತಡ ಕೊಟ್ಟರೆ ಒಂದಕ್ಕೊಂದು ಸಿಕ್ಕಿಕೊಂಡು ಮಳೆಗೂ ಬಗ್ಗದ ಗಟ್ಟಿ ಹಾಳೆಯಾಗುತ್ತದೆ. ಯುರೋಪಿನ ದೊಡ್ಡ ಮನುಷ್ಯರ ಟೋಪಿಗೆ ಅದೇ ಬೇಕು.

ಬೋನು ಅಂದರೆ ನಮ್ಮ ಇಲಿ ಬೋನಿನ ಹಾಗಲ್ಲ. ಎರಡು ಕಬ್ಬಿಣದ ದವಡೆ, ಬಿಗಿಯಾದ ಸ್ಪ್ರಿಂಗ್, ಉದ್ದ ಸರಪಳಿ. ಒಂದೊಂದು ಎರಡು ಕಿಲೋ ಮೇಲೆ ತೂಗುತ್ತದೆ. ಇಡುವ ರೀತಿ ಕೇಳಿ. ಚರ್ಮ ದಪ್ಪ ಇರುವುದು ಚಳಿ ದಿನಗಳಲ್ಲಿ, ಹಾಗಾಗಿ ಕೆಲಸವೂ ಆಗಲೇ. ಹಿಮ ಕರಗಿದ ನೀರಿಗೆ ಇಳಿಯಬೇಕು. ದಡದಲ್ಲಿ ಇಳಿದರೆ ಮನುಷ್ಯನ ವಾಸನೆ ಉಳಿಯುತ್ತದೆ, ಅದಕ್ಕೆ ಹೊಳೆಯೊಳಗೇ ನಡೆದು ಬರಬೇಕು. ನೀರಿನಲ್ಲಿ ನಾಲ್ಕು ಬೆರಳು ಆಳಕ್ಕೆ ಬೋನು ಇಡಬೇಕು. ಸರಪಳಿಯನ್ನು ಆಳದ ಕಡೆ ಗೂಟಕ್ಕೆ ಕಟ್ಟಬೇಕು. ಮೇಲೆ ಒಂದು ಕಡ್ಡಿ ಚುಚ್ಚಿ, ಅದರ ತುದಿಗೆ ಬೀವರ್‌ನದೇ ಗ್ರಂಥಿಯಿಂದ ತೆಗೆದ ಘಾಟು ವಾಸನೆಯ ರಸ ಹಚ್ಚಬೇಕು. ಯಾರೋ ಹೊಸಬ ನನ್ನ ಜಾಗಕ್ಕೆ ಬಂದಿದ್ದಾನೆ ಅಂತ ಬೀವರ್ ಮೂಸಲು ಬರುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ, ಹೆದರಿ ಆಳಕ್ಕೆ ಧುಮುಕುತ್ತದೆ. ಬೋನಿನ ಭಾರಕ್ಕೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಟ್ರ್ಯಾಪರ್‌ಗಳ ಕಾಲು ವಯಸ್ಸಿಗೆ ಮುಂಚೆ ಹಿಡಿದುಕೊಳ್ಳುತ್ತಿದ್ದದ್ದು ಈ ತಣ್ಣೀರಿನಿಂದಲೇ.

1825ರಿಂದ 1840ರವರೆಗೆ ರಾಕಿ ಬೆಟ್ಟಗಳಲ್ಲಿ ವರ್ಷಕ್ಕೊಂದು ಸಲ ದೊಡ್ಡ ಸಂತೆ ಸೇರುತ್ತಿತ್ತು. ವರ್ಷದ ಚರ್ಮ ಎಲ್ಲ ಅಲ್ಲಿ ಮಾರಿ ಮದ್ದುಗುಂಡು, ಕಾಫಿ, ಸಕ್ಕರೆ, ಹೆಂಡ ಕೊಳ್ಳುತ್ತಿದ್ದರು. ಎರಡು ವಾರ ಕುಡಿದು ಜೂಜಾಡಿ ಬರಿಗೈಯಲ್ಲಿ ಮತ್ತೆ ಬೆಟ್ಟ ಹತ್ತುತ್ತಿದ್ದರು. ಆಮೇಲೆ ರೇಷ್ಮೆ ಟೋಪಿಯ ಶೋಕಿ ಬಂತು. ಅಷ್ಟೊತ್ತಿಗೆ ಹೊಳೆಗಳಲ್ಲಿ ಬೀವರ್ ಕೂಡ ಖಾಲಿಯಾಗಿದ್ದವು. ಹಾಗಾಗಿ ಆಡಮ್ಸ್ ಬೆಟ್ಟಕ್ಕೆ ಹೋಗುವಾಗ ಆ ಕಾಲದ ಅಸಲಿ ಟ್ರ್ಯಾಪರ್‌ಗಳು ಕಥೆಯಾಗಿ ಹೋಗಿದ್ದರು. ಅವನು ಬೇರೆ ದಾರಿ ಹಿಡಿದ. ಮರದ ದಿಮ್ಮಿಗಳಲ್ಲಿ ಮನೆಯಷ್ಟು ದೊಡ್ಡ ಬೋನು ಕಟ್ಟಿ ಕರಡಿಗಳನ್ನು ಜೀವಂತ ಹಿಡಿದ. ಅವನ್ನು ನೋಡಲು ದುಡ್ಡು ಕೊಡುವ ಜನ ಊರಿನಲ್ಲಿದ್ದರು.

ಪ್ರಶ್ನೆ: ಕರಡಿಮರಿಯನ್ನು ಹೀಗೆ ನಿಜವಾಗಿಯೂ ಸಾಕಬಹುದಾ? ನನ್ನ ಮಗಳು ಹಟ ಹಿಡಿದಿದ್ದಾಳೆ. — ಒಬ್ಬ ಅಪ್ಪ

ಬೇಡ. ಹುಟ್ಟಿದಾಗ ಅರ್ಧ ಕಿಲೋ ಇರುವ ಗ್ರಿಜ್ಲಿ ದೊಡ್ಡದಾದಮೇಲೆ 300 ಕಿಲೋ ದಾಟಬಹುದು. ಗಂಟೆಗೆ 50 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ಮರಿ ಎರಡು ಮೂರು ವರ್ಷ ತಾಯಿ ಜೊತೆಗೇ ಇರುತ್ತದೆ. ಒಂಟಿ ಮರಿ ಕಂಡರೆ ತಾಯಿ ಎಲ್ಲೋ ಹತ್ತಿರದಲ್ಲೇ ನಿಮ್ಮನ್ನು ನೋಡುತ್ತಿದೆ ಅಂತಲೇ ಅರ್ಥ. ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಕರಡಿಯಿಂದ 100 ಗಜ ದೂರ ನಿಲ್ಲಬೇಕು ಅಂತ ನಿಯಮ ಇರುವುದು ಇದಕ್ಕೇ. ಮಗಳಿಗೆ ಗೊಂಬೆ ಕೊಡಿಸಿ.

ಆಡಮ್ಸ್‌ಗೆ ಏನಾಯಿತು ಅಂತಲೂ ಹೇಳಿ ಬೇಕಾದರೆ. ನೆತ್ತಿಯ ಗಾಯ ಪೂರ್ತಿ ಮಾಯಲೇ ಇಲ್ಲ. ಅವನು ಸಾಕಿದ ಇನ್ನೊಂದು ಕರಡಿ, ಜನರಲ್ ಫ್ರೆಮಾಂಟ್ ಅಂತ ಹೆಸರು, ಆಟ ಆಡುತ್ತಲೇ ಅದೇ ಜಾಗಕ್ಕೆ ಹೊಡೆಯಿತು.

ಪ್ರಶ್ನೆ: ಬೆನ್ ಆಗಿ ನಟಿಸಿದ ಗಂಡು ಕರಡಿಗೆ ಯಾವ ಪ್ರಶಸ್ತಿ ಬಂತು? — ಸುಮ್ನೆ ಕೇಳಿದೆ

ಸುಮ್ನೆ ಕೇಳಿದವರಿಗೆ ಸುಮ್ನೆ ಉತ್ತರ. 1977ರಲ್ಲಿ ಇದೇ ಕಥೆ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಧಾರಾವಾಹಿಯಾಯಿತು. ಅದರಲ್ಲಿ ಬೆನ್ ಆಗಿದ್ದದ್ದು ಬೋಜೋ ಎಂಬ ಹೆಣ್ಣು ಕರಡಿ. ನಮ್ಮ ಹಳೇ ನಾಟಕಗಳಲ್ಲಿ ಗಂಡಸರು ಹೆಣ್ಣು ಪಾತ್ರ ಮಾಡುತ್ತಿದ್ದರು, ಇಲ್ಲಿ ತಿರುಗುಮುರುಗು. ಆಡಮ್ಸ್ ಪಾತ್ರದ ಡ್ಯಾನ್ ಹ್ಯಾಗರ್ಟಿ ನಟನಾಗುವ ಮೊದಲು ಸಿನಿಮಾ ಪ್ರಾಣಿಗಳನ್ನು ಪಳಗಿಸುತ್ತಿದ್ದವನು. ಕರಡಿಯ ಕುತ್ತಿಗೆಗೆ ಅವನು ಕೈ ಹಾಕುವ ರೀತಿ ನೋಡಿ. ಅದು ನಟನೆಯಲ್ಲ.

ಪ್ರಶ್ನೆ: ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ, ಹಾಡು ಕುಣಿತ ಇಲ್ಲ. ಇಂಥ ಸಿನಿಮಾ ಹೇಗೆ ಓಡಿತು? — ಥಿಯೇಟರ್‌ನಲ್ಲಿ ಕೆಲಸ ಮಾಡಿದವನು

ನಿಮ್ಮಂಥವರಿಗೆ ಇದು ರುಚಿಸುತ್ತದೆ. ಇದನ್ನು ಮಾಡಿದ ಸನ್ ಕ್ಲಾಸಿಕ್ ಎಂಬ ಸಣ್ಣ ಕಂಪನಿ ಥಿಯೇಟರಿನವರ ಜೊತೆ ಟಿಕೆಟ್ ದುಡ್ಡು ಹಂಚಿಕೊಳ್ಳುತ್ತಲೇ ಇರಲಿಲ್ಲ. ಇಷ್ಟು ದಿನಕ್ಕೆ ಇಷ್ಟು ಬಾಡಿಗೆ ಅಂತ ಕೊಟ್ಟು ಥಿಯೇಟರನ್ನೇ ಹಿಡಿದುಬಿಡುತ್ತಿತ್ತು. ಬಂದ ಕಲೆಕ್ಷನ್ ಪೂರ್ತಿ ಕಂಪನಿಗೆ. ಓಡಲಿ ಬಿಡಲಿ, ಮಾಲೀಕನಿಗೆ ಬಾಡಿಗೆ ಗ್ಯಾರಂಟಿ. ನಾಲ್ಕು ಗೋಡೆ ಬಾಡಿಗೆಗೆ ಹಿಡಿಯುವುದು ಅಂತಲೇ ಆ ಪದ್ಧತಿಯ ಹೆಸರು. ಒಂದು ಊರು ಹಿಡಿದರೆ ಅಲ್ಲಿನ ಟಿವಿಯಲ್ಲಿ ಬೆಳಗ್ಗೆ ಸಂಜೆ ಜಾಹೀರಾತು, ಕೆಲವೇ ದಿನ ಪ್ರದರ್ಶನ, ಮುಂದಿನ ಊರಿಗೆ ಪಯಣ.

ಇನ್ನೊಂದು ಜಾಣತನವೂ ಇತ್ತು. ಸಿನಿಮಾ ತೆಗೆಯುವ ಮುಂಚೆಯೇ ಜನರನ್ನು ಹಿಡಿದು ಏನು ನೋಡುತ್ತೀರಿ ಅಂತ ಕೇಳಿ ಲೆಕ್ಕ ಹಾಕುತ್ತಿದ್ದರು. ವರ್ಷಕ್ಕೆ ಒಂದೋ ಎರಡೋ ಸಲ ಥಿಯೇಟರಿಗೆ ಬರುವ ಸಂಸಾರಗಳು ಅವರ ಗುರಿ. ಅಂಥವರಿಗೆ ಬೇಕಾದ್ದು ಬೆಟ್ಟ, ಪ್ರಾಣಿ, ಒಳ್ಳೆಯವನು ಒಬ್ಬ. ಲೆಕ್ಕದ ಪುಸ್ತಕದಿಂದ ಹುಟ್ಟಿದ ಸಿನಿಮಾದಲ್ಲಿ ಇಷ್ಟು ಮುಗ್ಧತೆ ಹೇಗೆ ಬಂತೋ.

ಪ್ರಶ್ನೆ: ಆಡಮ್ಸ್‌ನ ಮೂಲನಿವಾಸಿ ಗೆಳೆಯ ನಕೋಮಾ ಕೂಡ ನಿಜವೇ? — ಸಮಾಜಶಾಸ್ತ್ರ ಓದುತ್ತಿರುವವಳು

ನಕೋಮಾ ಕಲ್ಪನೆ. ನಿಜವಾದ ಆಡಮ್ಸ್ ಜೊತೆ ಇಬ್ಬರು ಮೂಲನಿವಾಸಿ ಹುಡುಗರಿದ್ದರು. ಹಿಟ್ಟೆಲ್ ಪುಸ್ತಕದಲ್ಲಿ ಅವರ ಹೆಸರು ಟುವಾಲಮಿ ಮತ್ತು ಸ್ಟ್ಯಾನಿಸ್ಲಾಸ್. ಎರಡೂ ಕ್ಯಾಲಿಫೋರ್ನಿಯಾದ ನದಿಗಳ ಹೆಸರು. ಮನೆಯಲ್ಲಿ ಅವರ ಅಮ್ಮಂದಿರು ಏನಂತ ಕರೆಯುತ್ತಿದ್ದರು ಅನ್ನುವುದು ಆ ಪುಸ್ತಕದಲ್ಲಿಲ್ಲ. ಕರಡಿಗಳಿಗೆ ಮಾತ್ರ ಅಮೆರಿಕದ ದೊಡ್ಡ ಮನುಷ್ಯರ ಹೆಸರು.

ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಸಂಖ್ಯೆ ಸುಮಾರು ಒಂದೂವರೆ ಲಕ್ಷದಿಂದ ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು. ರೋಗ, ಹಸಿವು ಮತ್ತು ನೇರ ಕೊಲೆ. ಸಿನಿಮಾದ ಬೆಟ್ಟ ಇಷ್ಟು ಖಾಲಿಯಾಗಿ, ಶಾಂತವಾಗಿ ಕಾಣುತ್ತದಲ್ಲ, ಅದು ಯಾಕೆ ಖಾಲಿ ಅಂತ ಅದು ಹೇಳುವುದಿಲ್ಲ. ಮೊಮ್ಮಗಳಿಗೆ ನಾನೂ ಇನ್ನೂ ಹೇಳಿಲ್ಲ. ಹತ್ತು ತುಂಬಲಿ.

ಪ್ರಶ್ನೆ: ಬೆನ್ ಕರಡಿ ಕೊನೆಗೆ ಏನಾಯ್ತು? ಕಾಡಿಗೆ ಹೋಯ್ತಾ? ಈಗಲೂ ಅದರ ಮೊಮ್ಮಕ್ಕಳು ಇದ್ದಾವಾ? — ಮೂರನೇ ಕ್ಲಾಸ್

ಪುಟ್ಟಾ, ನಿನ್ನ ಅಕ್ಷರ ತುಂಬ ದುಂಡಾಗಿದೆ. ಬೆನ್ ಕಾಡಿಗೆ ಹೋಗಲಿಲ್ಲ. ಆಡಮ್ಸ್ ಅದನ್ನು 1856ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಪ್ರಾಣಿ ಪ್ರದರ್ಶನ ಇಟ್ಟ. ಬೆನ್‌ಗೆ ಸರಪಳಿ ಇತ್ತು. ಜನ ದುಡ್ಡು ಕೊಟ್ಟು ಬಂದು ನೋಡುತ್ತಿದ್ದರು.

ಕ್ಯಾಲಿಫೋರ್ನಿಯಾದ ಗ್ರಿಜ್ಲಿಗಳು ಈಗ ಒಂದೂ ಇಲ್ಲ. ಅಲ್ಲಿ ಕೊನೆಯ ಗ್ರಿಜ್ಲಿಗೆ ಗುಂಡು ಬಿದ್ದದ್ದು 1922ರಲ್ಲಿ. ಆ ರಾಜ್ಯದ ಬಾವುಟದ ಮೇಲೆ ಮಾತ್ರ ಈಗಲೂ ಗ್ರಿಜ್ಲಿ ನಡೆದುಕೊಂಡು ಹೋಗುತ್ತಿದೆ. ಬಾವುಟ ಬಂದದ್ದು 1911ರಲ್ಲಿ, ಕರಡಿ ಹೋದದ್ದು ಅದಾಗಿ ಹನ್ನೊಂದು ವರ್ಷಕ್ಕೆ. ಬೇರೆ ರಾಜ್ಯಗಳ ಬೆಟ್ಟಗಳಲ್ಲಿ ಅದರ ನೆಂಟರು ಇದ್ದಾರೆ. ನೀನು ನೋಡಿದ ಸಿನಿಮಾ ಬಂದ ಮರುವರ್ಷ, 1975ರಲ್ಲಿ, ಇವನ್ನು ಕೊಲ್ಲಬಾರದು ಅಂತ ಅಲ್ಲಿನ ಸರಕಾರ ಕಾನೂನಿನ ರಕ್ಷಣೆ ಕೊಟ್ಟಿತು. ಆಗ ಅಲಾಸ್ಕ ಬಿಟ್ಟರೆ ಅಲ್ಲಿ ಉಳಿದಿದ್ದ ಗ್ರಿಜ್ಲಿಗಳು ಸಾವಿರಕ್ಕೂ ಕಡಿಮೆ.

ಆಡಮ್ಸ್ 1860ರಲ್ಲಿ ಪ್ರಾಣಿಗಳನ್ನೆಲ್ಲ ಹಡಗಿಗೆ ಹತ್ತಿಸಿಕೊಂಡು ನ್ಯೂಯಾರ್ಕಿಗೆ ಹೋದ. ಬಾರ್ನಮ್ ಎಂಬ ಹೆಸರಾಂತ ಪ್ರದರ್ಶನಕಾರನ ಜೊತೆ ಕೆಲವು ತಿಂಗಳು ಆಟ ತೋರಿಸಿದ. ಅದೇ ವರ್ಷ ಹೆಂಡತಿ, ಮಗಳು ಇದ್ದಲ್ಲಿಗೆ ಬಂದು ತೀರಿಕೊಂಡ. ಮ್ಯಾಸಚೂಸೆಟ್ಸ್‌ನ ಚಾರ್ಲ್‌ಟನ್‌ನಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಅವನನ್ನೂ ಒಂದು ಕರಡಿಯನ್ನೂ ಕೆತ್ತಿದ್ದಾರೆ.

ಬೆನ್ ಅಷ್ಟು ದೂರ ಹೋಗಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ, 1858ರ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಕಾಯಿಲೆಯಾಗಿ ಸತ್ತಿತು. ಅಲ್ಲಿನ ಪತ್ರಿಕೆ ದೊಡ್ಡವರು ತೀರಿಕೊಂಡಾಗ ಹಾಕುವ ಹಾಗೆ ಸುದ್ದಿ ಹಾಕಿತು. ತಲೆಬರಹ ಏನು ಗೊತ್ತಾ? ‘ಕ್ಯಾಲಿಫೋರ್ನಿಯಾದ ಗಣ್ಯ ಮೂಲನಿವಾಸಿಯ ನಿಧನ.’